ಸೀಟೇ ಇಲ್ಲದ ಓದಿಗೆ ನೆರವು ಹೇಗೆ?

ಕೆಲ ತಿಂಗಳ ಹಿಂದೆ ಆಳಂದ ತಾಲ್ಲೂಕಿನ ಭೂಸನೂರಿಗೆ ಹೋಗಿದ್ದೆ. ಕಬ್ಬು ಬೆಳೆಗಾರರೊಬ್ಬರ ಮಗಳು, ಬಿ.ಕಾಂ. ಮುಗಿಸಿದವಳು, ನನ್ನನ್ನು ಕೇಳಿದಳು: 'ಸಿ.ಎ. ಸೀಟ ಎಲ್ಲಿ ಸಿಗ್ತದ್ರೀ ಸರ್?'

ಸಂವಿಧಾನದ 371 (ಜೆ) ವಿಧಿಯ ಸೌಲಭ್ಯ ಕಂಡ ಪೀಳಿಗೆಗೆ ಇದು ಸಹಜ ಪ್ರಶ್ನೆ. 2012ರ ತಿದ್ದುಪಡಿಯ ಫಲವಾಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಸರ್ಕಾರಿ ಹುದ್ದೆಗಳಲ್ಲೂ ಇಲ್ಲಿನವರಿಗೆ ಪಾಲು ದೊರೆತಿದೆ. ಆದರೆ ಲೆಕ್ಕ ಪರಿಶೋಧಕರ ಓದಿಗೆ ಸೀಟೆಂಬುದೇ ಇಲ್ಲ. 1949ರ ಕಾಯ್ದೆಯಡಿ ಸ್ಥಾಪನೆಯಾದ ಸಂಸ್ಥೆ ನಡೆಸುವ ಪರೀಕ್ಷೆಯನ್ನು ಯಾರು ಬೇಕಾದರೂ ಬರೆಯಬಹುದು. ಇಲ್ಲಿ ಮೀಸಲಾತಿಯಿಂದ ಪ್ರಯೋಜನವಿಲ್ಲ. ಬೇಕಾದದ್ದು ಬೇರೆಯೇ ಬಗೆಯ ನೆರವು.

ಶೇ 55 ಅಂಕ ಪಡೆದ ವಾಣಿಜ್ಯ ಪದವೀಧರರು ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು. ಅಲ್ಲಿ ಪ್ರತಿ ಪತ್ರಿಕೆಯಲ್ಲಿ ಶೇ 40, ಗುಂಪಿನಲ್ಲಿ ಒಟ್ಟು ಶೇ 50 ಅಂಕ ಬರಬೇಕು. ಪರೀಕ್ಷೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಹಿಂದಿಯಲ್ಲಿ ಬರೆಯಬಹುದು. ಕನ್ನಡದಲ್ಲಿ ಓದಿದ ಹುಡುಗಿ ಜಮಾ ಖರ್ಚು ಬಲ್ಲಳು. ಕಂಪನಿ ಕಾಯ್ದೆಯ ವಾಕ್ಯವೊಂದನ್ನು ಅರ್ಥಮಾಡಿಕೊಂಡು ಮೂರು ಗಂಟೆಯಲ್ಲಿ ಇಂಗ್ಲಿಷ್‌ನಲ್ಲಿ ಉತ್ತರಿಸುವುದೇ ಅವಳಿಗೆ ಕಷ್ಟ. ಇದು ಬುದ್ಧಿಯ ಕೊರತೆಯಲ್ಲ.

ಉತ್ತೀರ್ಣಳಾದರೂ ಸಮಸ್ಯೆ ಮುಗಿಯದು. 2023ರ ಹೊಸ ಪದ್ಧತಿಯಂತೆ ಲೆಕ್ಕ ಪರಿಶೋಧಕರ ಬಳಿ ಎರಡು ವರ್ಷ ತರಬೇತಿ ಪಡೆಯಬೇಕು (ಮೊದಲು ಮೂರು ವರ್ಷವಿತ್ತು). ಅದಕ್ಕಾಗಿ ಊರು ಬಿಟ್ಟು ಕಲಬುರಗಿಗೋ ಬೆಂಗಳೂರಿಗೋ ಹೋಗಬೇಕು. ಸಿಗುವ ಭತ್ಯೆಯಲ್ಲಿ ಕೋಣೆ ಬಾಡಿಗೆ, ಊಟದ ಖರ್ಚು ಸರಿದೂಗುವುದಿಲ್ಲ. ಬಡ ಮನೆಯ ಮಕ್ಕಳು ಸಾಮಾನ್ಯವಾಗಿ ಕೈಬಿಡುವುದು ಈ ಹಂತದಲ್ಲೇ.

ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತ್ತು. ಅನಂತರ ಈ ಭಾಗಕ್ಕೆ ಹಣ ಬಂದಿಲ್ಲವೆಂದಲ್ಲ. ಆದರೆ ನಾವು ಅಧಿಕಾರಿಗಳು ಅಭಿವೃದ್ಧಿಯನ್ನು ಕಟ್ಟಡಗಳಲ್ಲಿ ಅಳೆದೆವು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಟ್ಟಡಕ್ಕೆ ಬಳಕೆ ಪ್ರಮಾಣಪತ್ರ ಬರೆಯುವುದು ಸುಲಭ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತರಬೇತಿಯ ಎರಡು ವರ್ಷ ಪೂರಕ ಭತ್ಯೆ ಕೊಡಲಿ. ವ್ಯಕ್ತಿಗಳಿಗೆ ಹಣ ಹಂಚಿದಂತಾಗುತ್ತದೆ ಎಂಬ ಆಕ್ಷೇಪ ಬರುವುದು ಖಚಿತ. ಕಡತದಲ್ಲಿ ಅಂಥ ಟಿಪ್ಪಣಿ ನಾನೇ ಬರೆದಿದ್ದೇನೆ. ಇಂಟರ್‌ಮೀಡಿಯೆಟ್‌ನ ಎರಡೂ ಗುಂಪು ಪಾಸಾದವರಿಗೆ ಮಾತ್ರ ಕೊಟ್ಟರೆ ಹಣ ಪೋಲಾಗುವ ಭಯವಿಲ್ಲ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇದೇ ತಾಲ್ಲೂಕಿನಲ್ಲಿದೆ. ಬೇಸಿಗೆಯಲ್ಲಿ ಇಂಗ್ಲಿಷ್ ಮತ್ತು ವಾಣಿಜ್ಯ ಕಾನೂನಿನ ಶಿಬಿರ ನಡೆಸುವುದು ಅದಕ್ಕೆ ಭಾರವಾಗದು.

ಇನ್ನೊಂದು ಭಾಗ ಸರ್ಕಾರದಿಂದ ಆಗುವಂಥದ್ದಲ್ಲ. ಅಮೆರಿಕದ ಹಿಸ್ಪಾನಿಕ್ ಲೆಕ್ಕಿಗರು 1972ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು, ತಮ್ಮವರು ವೃತ್ತಿಯಲ್ಲಿ ಮೇಲೆ ಬರಲೆಂದು. ಈ ಭಾಗದಿಂದ ಹೋಗಿ ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿ ಕಚೇರಿ ತೆರೆದ ಲೆಕ್ಕ ಪರಿಶೋಧಕರು ವರ್ಷಕ್ಕೊಬ್ಬರನ್ನು ತರಬೇತಿಗೆ ಸೇರಿಸಿಕೊಳ್ಳಲಾರರೇ? 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೊಗರಿ ವ್ಯಾಪಾರಿಗೂ ಗೊಬ್ಬರದಂಗಡಿಗೂ ಲೆಕ್ಕ ಬಲ್ಲವರು ಬೇಕಾಗಿದ್ದಾರೆ. ಕೆಲಸ ಊರಲ್ಲೇ ಇದೆ.

ಆ ಹುಡುಗಿ ಮೊದಲ ಗುಂಪಿಗೆ ಓದುತ್ತಿದ್ದಾಳೆ. ಪಾಸಾದರೆ ಎಲ್ಲಿ ಉಳಿಯಬೇಕೆಂದು ಅವಳ ತಂದೆ ಫೋನಿನಲ್ಲಿ ಕೇಳಿದರು. ವಿಚಾರಿಸಿ ಹೇಳುತ್ತೇನೆಂದಿದ್ದೇನೆ.