ಹೇಳಿದ್ದಾಯಿತು, ತಿಳಿಯಿತೇ?

ಕಿಡ್ನಿ ಸೋತವರಿಗೆ ನಮ್ಮ ಆಸ್ಪತ್ರೆಗಳು ಸಾಮಾನ್ಯವಾಗಿ ತೋರಿಸುವುದು ಒಂದೇ ದಾರಿ: ವಾರಕ್ಕೆ ಎರಡು ಮೂರು ಸಲ ಬಂದು, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುವುದು. ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಕೂಡ ಇದೆ ಎಂದು ಅನೇಕರಿಗೆ ಗೊತ್ತಾಗುವ ಹೊತ್ತಿಗೆ ಯಂತ್ರದ ಓಡಾಟ ಶುರುವಾಗಿ ತಿಂಗಳುಗಳೇ ಕಳೆದಿರುತ್ತವೆ.

ಅದು ಪೆರಿಟೋನಿಯಲ್ ಡಯಾಲಿಸಿಸ್. ಅದರಲ್ಲಿ ಹೊಟ್ಟೆಯೊಳಗಿನ ತೆಳುಪೊರೆಯೇ ಜರಡಿ. ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಕೂರಿಸಿದ ಮೆದು ಕೊಳವೆಯಿಂದ ಸುಮಾರು 2 ಲೀಟರ್ ದ್ರಾವಣ ಒಳಗೆ ಹೋಗುತ್ತದೆ. ಕೆಲವು ಗಂಟೆ ಅಲ್ಲೇ ಇದ್ದು, ರಕ್ತದ ಕಲ್ಮಶವನ್ನು ಸೆಳೆದುಕೊಂಡು ಹೊರಬರುತ್ತದೆ. ದಿನಕ್ಕೆ 3–4 ಸಲ, ಪ್ರತಿ ಸಲ ಅರ್ಧ ಗಂಟೆಯ ಕೆಲಸ. ಕೈಯಿಂದಲೇ ಮಾಡುವವರಿಗೆ ಯಂತ್ರ ಬೇಡ.

ಹಾಂಗ್‌ಕಾಂಗ್ 1985ರಿಂದಲೇ ಇದನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಂಡಿದೆ. ನಮ್ಮ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾದದ್ದು ಯಂತ್ರಗಳಿಂದ. ಪೆರಿಟೋನಿಯಲ್ ಡಯಾಲಿಸಿಸ್‌ಗೆ ಮಾರ್ಗಸೂಚಿ ಬಂದದ್ದು 2019ರಲ್ಲಿ.

ಇದು ಎಲ್ಲರಿಗೂ ಒಗ್ಗುವುದಿಲ್ಲ ಎಂಬ ವೈದ್ಯರ ಮಾತು ನಿಜ. ಕೈ ಶುಚಿ ತಪ್ಪಿದರೆ ಹೊಟ್ಟೆಗೆ ಸೋಂಕು. ಹಿಂದೆ ದೊಡ್ಡ ಹೊಟ್ಟೆ ಆಪರೇಷನ್ ಆದವರಿಗೆ ಕಷ್ಟವಾಗಬಹುದು. ಮುಂಬೈಯ ಒಂದೇ ಕೋಣೆಯ ಮನೆಯಲ್ಲಿ ತಿಂಗಳ ದ್ರಾವಣದ ಪೆಟ್ಟಿಗೆಗಳನ್ನು ಎಲ್ಲಿಡುವುದು? ಹೆಂಡತಿಯೋ ಸೊಸೆಯೋ ಹೊರಬೇಕಾದ ಹೊರೆಯನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ದಿನಗೂಲಿ ಬಿಟ್ಟು ವಾರಕ್ಕೆ ಮೂರು ದಿನ ಓಡಾಡುವ ಕಷ್ಟವನ್ನೂ ಪಕ್ಕದಲ್ಲಿಟ್ಟು ತೂಗಿ ನೋಡಬೇಕಾದವರು ಆ ಮನೆಯವರು. ಅವರ ಪರವಾಗಿ ಆಸ್ಪತ್ರೆಯೇ ತೀರ್ಮಾನಿಸಿ ಸುಮ್ಮನಾಗುವುದು ಸರಿಯಲ್ಲ.

ತೂಗಿ ನೋಡಲು ಮೊದಲು ಅರ್ಥವಾಗಬೇಕು. ಪುಣೆಯ ವಾರ್ಡಿನಲ್ಲಿ ನರ್ಸ್ ಮರಾಠಿಯಲ್ಲಿ ಹೇಳುತ್ತಾರೆ, ಮಗ ಅರ್ಧ ಕನ್ನಡಕ್ಕೆ ತಿರುಗಿಸುತ್ತಾನೆ, ಕಲಬುರಗಿಯಿಂದ ಬಂದ ತಾಯಿ ತಲೆಯಾಡಿಸುತ್ತಾರೆ. ಕಾಗದಕ್ಕೆ ಹೆಬ್ಬೆಟ್ಟು ಬೀಳುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಅದೇ ‘ತಿಳಿವಳಿಕೆ ನೀಡಲಾಗಿದೆ’. ಕರಪತ್ರ ಕನ್ನಡದಲ್ಲಿದ್ದರೂ ‘ಉದರಾವರಣ ಉರಿಯೂತ’ ಎಂದು ಬರೆದಿದ್ದರೆ ಪ್ರಯೋಜನವೇನು? ‘ಹೊರಬಂದ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿದ್ದರೆ, ಆ ಚೀಲದ ಸಮೇತ ಕೂಡಲೇ ಬನ್ನಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಆ ಒಂದು ವಾಕ್ಯ ಜೀವ ಉಳಿಸಬಲ್ಲದು.

ಕಿಡ್ನಿ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿರುವಾಗಲೇ, ಆರೈಕೆ ಮಾಡುವವರನ್ನೂ ಕೂರಿಸಿಕೊಂಡು, ಮನೆಮಾತಿನಲ್ಲಿ ಎರಡೂ ದಾರಿಗಳನ್ನು ವಿವರಿಸಬೇಕು. ಕೊನೆಗೆ ‘ತಿಳಿಯಿತೇ?’ ಎಂದು ಕೇಳಿದರೆ ಸಾಲದು, ಎಲ್ಲರೂ ಹೂಂ ಅನ್ನುತ್ತಾರೆ. ‘ನೀವು ಮನೆಯಲ್ಲಿ ಏನೇನು ಮಾಡುತ್ತೀರಿ, ಹೇಳಿ ನೋಡೋಣ’ ಎನ್ನಬೇಕು. ಅವರು ತಮ್ಮ ಮಾತಿನಲ್ಲಿ ಹೇಳಿದ ಮೇಲೆಯೇ ಸಹಿಯ ಕಾಗದ ಮುಂದಿಡಬೇಕು.