ಕೂಲಿ ಮೊದಲು, ಮೆಚ್ಚುಗೆ ಅದರ ಜೊತೆಗೆ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಭಾಗದ ಅಡಿಕೆ ಮತ್ತು ಕಾಫಿ ತೋಟಗಳ ಮಾಲೀಕರಲ್ಲಿ ಇಂದು ಕೇಳಿಬರುವ ದೂರು ಒಂದೇ: ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕವರು ಮನಸ್ಸಿಟ್ಟು ದುಡಿಯುವುದಿಲ್ಲ. ನಮ್ಮ ಸಮುದಾಯದಲ್ಲಿ ತೋಟ, ಅಂಗಡಿ ನಡೆಸುವವರೂ ಇದ್ದಾರೆ, ದಿನಗೂಲಿಯವರೂ ಇದ್ದಾರೆ. ಆದುದರಿಂದ ಈ ದೂರನ್ನು ನಾವು ಎರಡೂ ಕಡೆಯಿಂದ ನೋಡಬೇಕು.

ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಸುಮಾರು 200 ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ, 1959ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಸಂಬಳ, ಕೆಲಸದ ಪರಿಸರ, ಮೇಲಧಿಕಾರಿಯ ನಡವಳಿಕೆ ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ. ಅವು ಸರಿಯಾದರೆ ಅಸಮಾಧಾನ ಅಡಗುತ್ತದೆ, ಆದರೆ ಅಷ್ಟರಿಂದಲೇ ಹುರುಪು ಬಾರದು. ಹುರುಪು ಬರುವುದು ಸಾಧನೆಯ ತೃಪ್ತಿಯಿಂದ, ಮೆಚ್ಚುಗೆಯಿಂದ, ಹೊಣೆಗಾರಿಕೆಯಿಂದ ಎಂಬುದು ಅವರ ತೀರ್ಮಾನ. ವಾಣಿಜ್ಯ ಆಡಳಿತ ಕಲಿಯುವವರು ಇಂದಿಗೂ ಇದನ್ನು ಓದುತ್ತಾರೆ.

ಆದರೆ ಈ ಪಾಠದ ಉತ್ತರಾರ್ಧವನ್ನಷ್ಟೇ ಹಿಡಿದು, ‘ಹಣವೇ ಎಲ್ಲವೂ ಅಲ್ಲ’ ಎಂದು ಬೆನ್ನು ತಟ್ಟಿ ಕೂಲಿಯನ್ನು ಮುಂದೂಡುವವರಿದ್ದಾರೆ. ಇದು ಮನಃಶಾಸ್ತ್ರವೂ ಅಲ್ಲ, ಧರ್ಮವೂ ಅಲ್ಲ. ದೊಡ್ಡ ತೋಟಗಳಲ್ಲಿ ಕುಡಿಯುವ ನೀರು, ಶೌಚಾಲಯ, ವಸತಿ, ಚಿಕಿತ್ಸೆಯ ಏರ್ಪಾಡು ಇರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯೇ ವಿಧಿಸಿತ್ತು. ಅವು ಮಾಲೀಕನ ಔದಾರ್ಯವಲ್ಲ, ದುಡಿಯುವವನ ಹಕ್ಕು.

ಬೆವರು ಆರುವ ಮುನ್ನವೇ ಕೂಲಿ ಸಲ್ಲಿಸಬೇಕೆಂದು ಪ್ರವಾದಿ(ಸ) ಕಲಿಸಿದರು. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನಿಗೆ ಅಂತ್ಯದಿನ ಸ್ವತಃ ಅಲ್ಲಾಹನೇ ಎದುರುವಾದಿಯಾಗುವನೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಹಾಗೆಂದು ಪ್ರವಾದಿ(ಸ) ಕೂಲಿಯಲ್ಲೇ ನಿಲ್ಲಲಿಲ್ಲ. ಹತ್ತು ವರ್ಷ ಅವರ ಸೇವೆಯಲ್ಲಿದ್ದ ಅನಸ್(ರ) ಒಮ್ಮೆಯೂ ಗದರಿಕೆಯ ಮಾತು ಕೇಳಲಿಲ್ಲ. ಮಸೀದಿಯ ಕಸ ಗುಡಿಸುತ್ತಿದ್ದವರೊಬ್ಬರು ತೀರಿಕೊಂಡಾಗ ಜನರು ಅದನ್ನು ಕ್ಷುಲ್ಲಕವೆಂದೆಣಿಸಿ ಅವರಿಗೆ ತಿಳಿಸಲಿಲ್ಲ. ಪ್ರವಾದಿ(ಸ) ತಾವಾಗಿಯೇ ವಿಚಾರಿಸಿ, ಸಮಾಧಿಯ ಬಳಿಗೆ ಹೋಗಿ ಪ್ರಾರ್ಥಿಸಿದರು. ಕಸ ಗುಡಿಸುವ ಕೈಗೆ ಇದಕ್ಕಿಂತ ದೊಡ್ಡ ಮನ್ನಣೆ ಯಾವುದಿದೆ?

ಲಾಭ ಹೆಚ್ಚಲೆಂದು ಕೆಲಸಗಾರನನ್ನು ಗೌರವಿಸುವವನು ಲಾಭ ನಿಂತ ದಿನ ಗೌರವವನ್ನೂ ನಿಲ್ಲಿಸಿಯಾನು. ಸತ್ಯವಿಶ್ವಾಸಿಗೆ ಅದು ಪರಲೋಕದ ಲೆಕ್ಕ. ಆದುದರಿಂದ ವಾರದ ಬಟವಾಡೆ ತಪ್ಪದಿರಲಿ. ಮರವೇರಿ ಅಡಿಕೆ ಕೊನೆ ಇಳಿಸುವವನನ್ನು ಹೆಸರು ಹಿಡಿದು ಕರೆಯೋಣ. ಯಾವ ಮರ ಇಂದು ಜಾರುತ್ತದೆ ಎಂಬ ಅವನ ಮಾತಿಗೆ ಬೆಲೆ ಕೊಡೋಣ. ದೂರದ ಊರಿನಿಂದ ಬಂದವನ ಮನೆಯವರ ಕ್ಷೇಮ ಕೇಳೋಣ. ನಮ್ಮ ಮಕ್ಕಳು ನೋಡುತ್ತಿದ್ದಾರೆ; ನಾಳೆ ಅವರು ಹೀಗೆಯೇ ನಡೆದುಕೊಳ್ಳುವರು.

ದುಡಿಯುವವರ ಹಕ್ಕನ್ನು ಅರಿತು ಸಲ್ಲಿಸುವ ಮನಸ್ಸನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.