ಮೇವಿನ ಗುಣವೇ ಮಾಂಸದ ಗುಣ: ಖರೀದಿಯ ಪದ್ಧತಿ ಬದಲಾಗಲಿ

ಪೀಣ್ಯದ ಯಂತ್ರಭಾಗ ತಯಾರಿಕಾ ಘಟಕವೊಂದಕ್ಕೆ ಉಕ್ಕಿನ ಸಲಾಕೆಗಳು ಬಂದಿಳಿದಾಗ ಅವುಗಳೊಡನೆ ಪರೀಕ್ಷಾ ಪ್ರಮಾಣಪತ್ರವೂ ಬರುವುದು ವಾಡಿಕೆ. ಇಂಗಾಲದ ಅಂಶವೆಷ್ಟು, ಮ್ಯಾಂಗನೀಸ್ ಎಷ್ಟು, ಗಡಸುತನವೆಷ್ಟು ಎಂಬುದನ್ನು ನೋಡದೆ ಖರೀದಿ ವಿಭಾಗವು ಬಿಲ್ಲಿಗೆ ಒಪ್ಪಿಗೆ ನೀಡುವುದಿಲ್ಲ. ಅದೇ ಘಟಕದ ಕ್ಯಾಂಟೀನಿಗೆ ಅದೇ ದಿನ ಬಂದಿಳಿಯುವ ಕುರಿ, ಕೋಳಿ ಮಾಂಸದ ವಿಷಯದಲ್ಲಿ ಕೇಳಲಾಗುವ ಪ್ರಶ್ನೆ ಮಾತ್ರ ಒಂದೇ: ಕಿಲೋಗೆ ಎಷ್ಟು? ಆ ಪ್ರಾಣಿ ಏನು ತಿಂದು ಬೆಳೆಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರಿಸಬಲ್ಲವರು ವ್ಯಾಪಾರದ ಸರಪಳಿಯಲ್ಲಿ ಸಿಗುವುದಿಲ್ಲ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯದ ಉದ್ಯೋಗಿಗಳಿಗೆ ಊಟ ಒದಗಿಸುವ ಕ್ಯಾಂಟೀನುಗಳು ಮತ್ತು ಗುತ್ತಿಗೆದಾರರು ಇಂದು ಮಾಂಸದ ಸಗಟು ಖರೀದಿದಾರರು. ಇಷ್ಟು ದೊಡ್ಡ ಗಿರಾಕಿಯು ಗುಣಮಟ್ಟದ ಪ್ರಶ್ನೆಯನ್ನೇ ಎತ್ತದಿರುವುದರಿಂದ ಮೂರು ಪಕ್ಷಗಳಿಗೂ ನಷ್ಟವಾಗುತ್ತಿದೆ. ಉಣ್ಣುವವನಿಗೆ ರುಚಿ ಮತ್ತು ಸುರಕ್ಷತೆ ತಪ್ಪುತ್ತದೆ, ಕೊಳ್ಳುವವನ ಹಣ ಪೋಲಾಗುತ್ತದೆ, ಶ್ರಮವಹಿಸಿ ಒಳ್ಳೆಯ ಮೇವು ಹಾಕಿದ ಸಾಕಣೆದಾರನಿಗೆ ಅದರ ಪ್ರತಿಫಲ ದೊರೆಯುವುದಿಲ್ಲ.

ತೂಕದ ಲೆಕ್ಕದಲ್ಲಿ ಅಡಗಿದ ನಷ್ಟ

ಕುರಿಸಂತೆಯಲ್ಲಿ ವ್ಯಾಪಾರ ನಡೆಯುವುದು ಕಣ್ಣಂದಾಜಿನಿಂದ ಅಥವಾ ಜೀವಂತ ತೂಕದ ಆಧಾರದಿಂದ. ಆದರೆ ಕುರಿಯ ತೂಕವೆಲ್ಲ ಮಾಂಸವಲ್ಲ. ಚರ್ಮ, ತಲೆ, ಕಾಲು, ಒಳಾಂಗಗಳ ಜೊತೆಗೆ ಹೊಟ್ಟೆಯಲ್ಲಿರುವ ಮೇವು ಮತ್ತು ನೀರೂ ತಕ್ಕಡಿಯಲ್ಲಿ ತೂಗುತ್ತವೆ. ಬರಿಯ ಒಣಹುಲ್ಲು, ಕೂಳೆ ಮೇಯ್ದ ಕುರಿಯಲ್ಲಿ ಮೇವು ನಿಧಾನವಾಗಿ ಜೀರ್ಣವಾಗುವುದರಿಂದ ಹೊಟ್ಟೆಯ ಈ ಹೊರೆಯು ಹೆಚ್ಚು. ಹಿಂಡಿ, ಬೂಸಾ, ಕಾಳುಗಳನ್ನು ಹಿತಮಿತವಾಗಿ ತಿಂದ ಕುರಿಯಲ್ಲಿ ಅದು ಕಡಿಮೆ. ಸ್ನಾಯು ಮತ್ತು ಕೊಬ್ಬು ಹೆಚ್ಚು.

ಉದಾಹರಣೆಗೆ, 25 ಕಿಲೋ ತೂಗುವ ಎರಡು ಟಗರುಗಳನ್ನು ಜೀವಂತ ತೂಕಕ್ಕೆ ಕಿಲೋಗೆ 400 ರೂಪಾಯಿಯಂತೆ ಕೊಂಡರೆಂದು ಭಾವಿಸೋಣ. ಎರಡಕ್ಕೂ ತೆತ್ತ ಬೆಲೆ ತಲಾ 10,000 ರೂಪಾಯಿ. ಮೊದಲನೆಯದರಲ್ಲಿ ಮಾಂಸದ ಇಳುವರಿ ಶೇಕಡ 40 ಆದರೆ ಸಿಗುವುದು 10 ಕಿಲೋ. ಎರಡನೆಯದರಲ್ಲಿ ಶೇಕಡ 48 ಆದರೆ 12 ಕಿಲೋ. ಮೊದಲನೆಯದರ ಮಾಂಸವು ಕಿಲೋಗೆ 1,000 ರೂಪಾಯಿ ಬಿದ್ದರೆ ಎರಡನೆಯದರದ್ದು ಸುಮಾರು 833 ರೂಪಾಯಿ ಮಾತ್ರ. ಎರಡನೆಯ ಟಗರನ್ನು ಸಾಕಿದವನು ಹಿಂಡಿಗೆ ಖರ್ಚು ಮಾಡಿದ್ದಾನೆ, ಆದರೆ ಸಂತೆಯಲ್ಲಿ ಅವನಿಗೆ ಸಿಕ್ಕಿದ್ದು ಮೊದಲನೆಯವನಿಗೆ ಸಿಕ್ಕಷ್ಟೇ. ಮುಂದಿನ ವರ್ಷ ಅವನು ಹಿಂಡಿ ಹಾಕುವುದನ್ನು ಬಿಟ್ಟು, ಮಾರುವ ಹಿಂದಿನ ರಾತ್ರಿ ಹೊಟ್ಟೆ ತುಂಬ ನೀರು ಕುಡಿಸಿದರೆ ತಪ್ಪು ಅವನದಲ್ಲ, ತೂಗುವ ಪದ್ಧತಿಯದು.

ಮೇವು ಮಾಂಸವಾಗುವ ಬಗೆ

ಮೆಲುಕು ಹಾಕುವ ಪ್ರಾಣಿಗಳಾದ ಕುರಿ, ಮೇಕೆಗಳು ತಿಂದ ಆಹಾರದ ಕೊಬ್ಬನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಮಾರ್ಪಡಿಸುತ್ತವೆ. ಆದ್ದರಿಂದಲೇ ಅವುಗಳ ಕೊಬ್ಬು ಗಟ್ಟಿ. ಹಸಿರು ಮೇವು ತಿಂದವುಗಳ ಮಾಂಸದಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳೂ ಇ ಜೀವಸತ್ವವೂ ಹೆಚ್ಚಿರುತ್ತವೆ. ಇ ಜೀವಸತ್ವವು ಮಾಂಸದ ಬಣ್ಣ ಬೇಗನೆ ಕಂದುವುದನ್ನೂ ಕೊಬ್ಬು ಕಮಟು ಹಿಡಿಯುವುದನ್ನೂ ತಡೆಯುತ್ತದೆ. ಕಾಳು, ಹಿಂಡಿಗಳ ಪ್ರಮಾಣ ಹೆಚ್ಚಿದಂತೆ ಬೆಳವಣಿಗೆ ಚುರುಕಾಗಿ ಪ್ರಾಣಿ ಎಳೆವಯಸ್ಸಿನಲ್ಲಿಯೇ ಮಾರಾಟಕ್ಕೆ ಸಿದ್ಧವಾಗುತ್ತದೆ. ಎಳೆಯದರ ಮಾಂಸ ಮೃದು ಎಂಬುದು ಗೃಹಿಣಿಯರಿಗೂ ತಿಳಿದ ಸಂಗತಿ.

ಹಂದಿ ಮತ್ತು ಕೋಳಿಗಳ ಕಥೆ ಬೇರೆ. ಅವು ತಿಂದ ಕೊಬ್ಬು ಹೆಚ್ಚಿನ ಬದಲಾವಣೆಯಿಲ್ಲದೆ ದೇಹದಲ್ಲಿ ಸೇರಿಕೊಳ್ಳುತ್ತದೆ. ಎಣ್ಣೆಯಂಶ ಹೆಚ್ಚಿರುವ ಆಹಾರ ತಿಂದ ಹಂದಿಯ ಕೊಬ್ಬು ಮೆತ್ತಗಾಗಿ ಜಿಡ್ಡುಜಿಡ್ಡಾಗುತ್ತದೆ. ಮೀನಿನ ಪುಡಿ ಅತಿಯಾದರೆ ಕೋಳಿಮಾಂಸದಲ್ಲಿ ಮೀನಿನ ವಾಸನೆ ಬರುತ್ತದೆ. ಹಳದಿ ಮೆಕ್ಕೆಜೋಳದ ವರ್ಣದ್ರವ್ಯವೇ ಕೋಳಿಯ ಚರ್ಮಕ್ಕೂ ಮೊಟ್ಟೆಯ ಭಂಡಾರಕ್ಕೂ ಬಣ್ಣ ಕೊಡುವುದು.

ಕೊನೆಯ ಒಂದೆರಡು ದಿನಗಳ ಮಹತ್ವವೂ ಕಡಿಮೆಯದಲ್ಲ. ಪ್ರಾಣಿಯ ಸ್ನಾಯುವಿನಲ್ಲಿ ಸಂಗ್ರಹವಾಗಿರುವ ಸಕ್ಕರೆಯಂಶವು ವಧೆಯ ನಂತರ ಆಮ್ಲವಾಗಿ ಮಾರ್ಪಟ್ಟು ಮಾಂಸದ ಪಿಎಚ್ ಮೌಲ್ಯವು 7ರ ಆಸುಪಾಸಿನಿಂದ ಸುಮಾರು 5.5ಕ್ಕೆ ಇಳಿಯಬೇಕು. ಶಿರಾ, ಅಮೀನಗಡದಂತಹ ದೂರದ ಸಂತೆಗಳಿಂದ ಲಾರಿಯಲ್ಲಿ ಕಿಕ್ಕಿರಿದು, ಮೇವು ನೀರಿಲ್ಲದೆ ಬಳಲಿ ಬಂದ ಕುರಿಯಲ್ಲಿ ಈ ಸಂಗ್ರಹ ದಾರಿಯಲ್ಲಿಯೇ ಕರಗಿಹೋಗಿರುತ್ತದೆ. ಅಂತಹ ಮಾಂಸ ಕಪ್ಪಗೆ ಕಂಡು, ಒಣಗಿದಂತಾಗಿ, ಬೇಗನೆ ಕೆಡುತ್ತದೆ. ತಿಂಗಳುಗಟ್ಟಲೆ ಹಾಕಿದ ಮೇವಿನ ಫಲವು ಒಂದು ರಾತ್ರಿಯ ಪ್ರಯಾಣದಲ್ಲಿ ವ್ಯರ್ಥವಾಗಬಹುದು.

ಬನ್ನೂರು ಕುರಿಯ ಪಾಠ

2019ರ 20ನೇ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.1 ಕೋಟಿಗೂ ಹೆಚ್ಚು ಕುರಿಗಳಿದ್ದವು. ರಾಷ್ಟ್ರದಲ್ಲಿ ರಾಜ್ಯಕ್ಕೆ ಮೂರನೆಯ ಸ್ಥಾನ. ಇವುಗಳ ನಡುವೆ ಮಂಡ್ಯ ತಳಿ, ಅಂದರೆ ಜನರ ಬಾಯಲ್ಲಿ ಬನ್ನೂರು ಅಥವಾ ಬಂಡೂರು ಕುರಿ, ಮಾಂಸದ ರುಚಿಗಾಗಿ ಮನೆಮಾತಾಗಿದೆ. ಗಿಡ್ಡ ಕಾಲು, ತುಂಬಿದ ಹಿಂಭಾಗದ ಈ ತಳಿಯ ಹೆಸರಿನಲ್ಲಿ ಬೆಂಗಳೂರಿನ ಹೋಟೆಲುಗಳ ಫಲಕಗಳೂ ಮೆರೆಯುತ್ತವೆ.

ತಳಿಯ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಳವಳ್ಳಿ, ಬನ್ನೂರು ಸೀಮೆಯ ರೈತಾಪಿ ಮನೆಗಳಲ್ಲಿ ಮಾರಿಹಬ್ಬ, ವರ್ಷತೊಡಕು ಅಥವಾ ಬಕ್ರೀದಿಗೆಂದು ಒಂದೆರಡು ಟಗರುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಸೊಪ್ಪು, ಹುರುಳಿ, ಕಡಲೆಕಾಯಿ ಹಿಂಡಿ ಹಾಕಿ ಸಾಕುವ ಪರಂಪರೆಯನ್ನೂ ಮರೆಯುವಂತಿಲ್ಲ. ಬೇರೆಲ್ಲೋ ಒಣಹುಲ್ಲಿನ ಮೇಲೆ ಬೆಳೆದ, ವಯಸ್ಸಾದ ಕುರಿಗೆ ಬನ್ನೂರಿನ ಹೆಸರಿಟ್ಟ ಮಾತ್ರಕ್ಕೆ ಆ ರುಚಿ ಬಾರದು. ಅಪ್ಪಟ ತಳಿಯ ಸಂಖ್ಯೆ ಕ್ಷೀಣಿಸಿರುವ ಈ ಕಾಲದಲ್ಲಿ ಹೆಸರಿಗೆ ಹಣ ತೆರುವ ಗಿರಾಕಿಯು ತಳಿ ಮತ್ತು ಮೇವು ಎರಡರ ದಾಖಲೆಯನ್ನೂ ಕೇಳಿದರೆ ಮಾತ್ರ ಆ ಹಣ ಮಳವಳ್ಳಿಯ ಸಾಕಣೆದಾರನನ್ನು ತಲುಪೀತು.

ಕೋಳಿ ಮತ್ತು ಮೆಕ್ಕೆಜೋಳ

ಕ್ಯಾಂಟೀನುಗಳ ಬಹುಪಾಲು ಮಾಂಸ ಫಾರಂ ಕೋಳಿಯದು. ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರ ಭಾಗಗಳಲ್ಲಿ ಮರಿ, ಆಹಾರ, ಔಷಧಗಳನ್ನು ಕಂಪನಿಯೇ ಕೊಟ್ಟು ರೈತನಿಂದ ಸಾಕಿಸುವ ಗುತ್ತಿಗೆ ಪದ್ಧತಿ ಬೇರೂರಿದೆ. ಇಲ್ಲಿ ಉತ್ಪಾದನಾ ವೆಚ್ಚದ ಸುಮಾರು ಮೂರರಲ್ಲಿ ಎರಡು ಭಾಗ ಆಹಾರದ್ದೇ. ಆದ್ದರಿಂದ ಬೆಲೆಯ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದೂ ಆಹಾರದ ಮೇಲೆಯೇ. ಲೈಸಿನ್‌ನಂತಹ ಅಗತ್ಯ ಅಮೈನೋ ಆಮ್ಲ ಕಡಿಮೆಯಾದರೆ ಎದೆಯ ಮಾಂಸ ತಗ್ಗುತ್ತದೆ. ಪ್ರೋಟೀನಿಗೆ ಹೋಲಿಸಿದರೆ ಶಕ್ತಿಯಂಶ ಹೆಚ್ಚಾದರೆ ಹೊಟ್ಟೆಯಲ್ಲಿ ಕೊಬ್ಬು ಶೇಖರವಾಗುತ್ತದೆ. ತಕ್ಕಡಿಯ ಮೇಲೆ ಎರಡೂ ಕೋಳಿಗಳ ತೂಕ ಒಂದೇ ಇರಬಹುದು, ಬಾಣಲೆಯಲ್ಲಿ ಅಲ್ಲ.

ಇತ್ತೀಚಿನ ವರ್ಷಗಳಲ್ಲಿ ಮೆಕ್ಕೆಜೋಳವು ಎಥನಾಲ್ ಉತ್ಪಾದನೆಗೂ ಬಳಕೆಯಾಗುತ್ತಿರುವುದರಿಂದ ಪೈಪೋಟಿ ಹೆಚ್ಚಿದೆ. ಡಿಸ್ಟಿಲರಿಗಳಿಂದ ಹೊರಬರುವ ಒಣಗಿಸಿದ ಧಾನ್ಯಶೇಷವನ್ನು ಸೋಯಾ ಹಿಂಡಿಗೆ ಬದಲಿಯಾಗಿ ಬಳಸುವುದು ರೂಢಿಗೆ ಬರುತ್ತಿದೆ. ಉಪೋತ್ಪನ್ನದ ಸದ್ಬಳಕೆ ಸ್ವಾಗತಾರ್ಹವೇ. ಆದರೆ ಪಿಷ್ಟವೆಲ್ಲ ಮದ್ಯಸಾರವಾಗಿ ಹೋದ ಬಳಿಕ ಮೂಲ ಧಾನ್ಯದಲ್ಲಿದ್ದ ಬೂಷ್ಟಿನ ವಿಷವು ಉಳಿದ ಭಾಗದಲ್ಲಿ ಸುಮಾರು ಮೂರುಪಟ್ಟು ಸಾಂದ್ರವಾಗುತ್ತದೆ. ಪರೀಕ್ಷೆಯಿಲ್ಲದೆ ಅದನ್ನು ಬಳಸುವುದು ಅಗ್ಗದ ಹೆಸರಿನಲ್ಲಿ ಅಪಾಯವನ್ನು ಕೊಂಡಂತೆ. ಔಷಧಗಳ ವಿಷಯದಲ್ಲಿ ಕೇಂದ್ರ ಸರ್ಕಾರವು 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಪ್ರತಿಜೈವಿಕದ ಬಳಕೆಯನ್ನು ನಿಷೇಧಿಸಿದ್ದು ಎಚ್ಚರಿಕೆಯ ಗಂಟೆ.

ಕ್ಯಾಂಟೀನಿನ ಮುಸುರೆ

ಈ ಉದ್ಯಮ ವಲಯವು ಮಾಂಸದ ಗಿರಾಕಿ ಮಾತ್ರವಲ್ಲ, ಮೇವಿನ ಪೂರೈಕೆದಾರನೂ ಹೌದು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಹೋಟೆಲು, ಕ್ಯಾಂಟೀನುಗಳಲ್ಲಿ ಉಳಿದ ಅನ್ನ, ಸಾರು, ಎಂಜಲು ಡ್ರಮ್ಮುಗಳಲ್ಲಿ ತುಂಬಿ ನಗರದಂಚಿನ ಹಂದಿ ಸಾಕಣೆ ಕೇಂದ್ರಗಳಿಗೆ ಹೋಗುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋ ಮೀರಿದ ತ್ಯಾಜ್ಯದ ಸಂಸ್ಥೆಗಳನ್ನು ದೊಡ್ಡ ಉತ್ಪಾದಕರೆಂದು ಗುರುತಿಸಿ ಹೊಣೆ ಹೊರಿಸಿದಾಗಿನಿಂದ, ಡ್ರಮ್ಮು ಗೇಟಿನಾಚೆ ಹೋದರೆ ಸಾಕೆಂಬ ಮನೋಭಾವವು ಕಾನೂನಿಗೂ ಒಪ್ಪುವಂಥದ್ದಲ್ಲ.

ಹಸುವಿಗೆ ಕಲಗಚ್ಚು ಇಡುವ ನಾಡಿನಲ್ಲಿ ಉಳಿದ ಅನ್ನ ಪ್ರಾಣಿಯ ಹೊಟ್ಟೆ ಸೇರುವುದು ತಪ್ಪೇನಲ್ಲ, ಕೊಳೆಯುವುದಕ್ಕಿಂತ ಮೇಲು. ಆದರೆ ಕ್ಯಾಂಟೀನಿನ ಮುಸುರೆಯಲ್ಲಿ ನೀರು, ಪಿಷ್ಟ, ಎಣ್ಣೆ, ಉಪ್ಪು ಹೆಚ್ಚು, ಪ್ರೋಟೀನು ಕಡಿಮೆ. ಅದನ್ನೇ ನೆಚ್ಚಿದ ಹಂದಿಯಲ್ಲಿ ಕೆಂಪು ಮಾಂಸ ತಗ್ಗಿ, ಮೆತ್ತನೆಯ ಕೊಬ್ಬು ಹೆಚ್ಚುತ್ತದೆ. ಸಾಕಣೆದಾರನಿಗೆ ಮೇವು ಬಿಟ್ಟಿಯೆನಿಸಿದರೂ ಮಾಂಸದ ಬೆಲೆಯಲ್ಲಿ ಅದರ ವೆಚ್ಚ ವಸೂಲಾಗುತ್ತದೆ.

ಇದಕ್ಕಿಂತ ಗಂಭೀರವಾದುದು ರೋಗದ ಭೀತಿ. ಬೇಯಿಸದ ಮುಸುರೆಯಲ್ಲಿನ ಮಾಂಸದ ಚೂರು ಆಫ್ರಿಕನ್ ಹಂದಿ ಜ್ವರದ ವಾಹಕವಾಗಬಲ್ಲದು. 2020ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತದಲ್ಲಿ ಮೊದಲು ಪತ್ತೆಯಾದ ಈ ರೋಗ ಮನುಷ್ಯರಿಗೆ ತಗಲದಿದ್ದರೂ ಹಂದಿಗಳ ಪಾಲಿಗೆ ಮಾರಕ. ಒಂದು ಡ್ರಮ್ಮು ಒಬ್ಬ ಸಾಕಣೆದಾರನ ಇಡೀ ಬಂಡವಾಳವನ್ನು ನುಂಗಬಲ್ಲದು. ಬ್ರಿಟನ್ 2001ರ ಕಾಲುಬಾಯಿ ರೋಗದ ಹಾವಳಿಯ ನಂತರ ಮುಸುರೆ ಉಣಿಸುವುದನ್ನೇ ನಿಷೇಧಿಸಿತು. ಜಪಾನ್ ನಿಷೇಧದ ಬದಲು, ಆಹಾರತ್ಯಾಜ್ಯವನ್ನು ಶಾಖಸಂಸ್ಕರಿಸಿ ಪಶು ಆಹಾರವಾಗಿಸುವ ಉದ್ಯಮವನ್ನೇ ಕಟ್ಟಿತು. ಬಾಯ್ಲರು, ಒಣಗಿಸುವ ಯಂತ್ರಗಳನ್ನು ತಯಾರಿಸಬಲ್ಲ ಪೀಣ್ಯ ಪಕ್ಕದಲ್ಲಿಯೇ ಇರುವಾಗ ಬೆಂಗಳೂರಿಗೆ ಎರಡನೆಯ ದಾರಿ ಹೆಚ್ಚು ಹೊಂದುತ್ತದೆ.

ಆಕ್ಷೇಪಗಳು

ಇದರಿಂದ ಊಟದ ತಟ್ಟೆಯ ಬೆಲೆ ಏರುತ್ತದೆ ಎಂಬುದು ಗುತ್ತಿಗೆದಾರರ ಮೊದಲ ಆಕ್ಷೇಪ. ಇಳುವರಿಯ ಮೇಲಿನ ಲೆಕ್ಕವೇ ಇದಕ್ಕೆ ಉತ್ತರ: ಹೊಟ್ಟೆಯ ನೀರಿಗೆ ತೆರುವ ಹಣ ಉಳಿದರೆ ಒಳ್ಳೆಯ ಮೇವಿಗೆ ಕೊಡುವ ಹೆಚ್ಚುವರಿಯ ಬಹುಭಾಗ ಅದರಲ್ಲಿಯೇ ಸರಿದೂಗುತ್ತದೆ. ಟಗರಿನ ಬೆನ್ನಮೇಲೆ ಕೈಯಾಡಿಸಿಯೇ ಒಳಗಿನ ಮಾಂಸ, ಕೊಬ್ಬನ್ನು ಹೇಳಬಲ್ಲ ಅನುಭವಿ ಕಟುಕನಿರುವಾಗ ದಾಖಲೆಯೇಕೆ ಎಂಬುದು ಎರಡನೆಯದು. ಆ ಕೈಚಳಕ ನಿಜವಾದದ್ದೇ. ಆದರೆ ಅದರ ಲಾಭ ಆ ಕೈಗಷ್ಟೇ ಸೀಮಿತ, ಸಾಕಿದವನನ್ನಾಗಲಿ ಉಣ್ಣುವವನನ್ನಾಗಲಿ ಅದು ತಲುಪುವುದಿಲ್ಲ. ಸಣ್ಣ ಸಾಕಣೆದಾರ ಕಾಗದಪತ್ರಗಳ ಹೊರೆ ಹೊರಲಾರ ಎಂಬ ಮೂರನೆಯ ಆಕ್ಷೇಪದಲ್ಲಿ ಹುರುಳಿದೆ. ಆದಕಾರಣ ಬೇಡಿಕೆಯು ಸರಳವಾಗಿರಬೇಕು: ಕೊನೆಯ ಮೂರು ತಿಂಗಳು ಏನು ಮೇವು, ಯಾವ ಔಷಧ, ಯಾವ ದಿನ ಲಾರಿಗೆ ಏರಿಸಿದ್ದು ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಬರೆದರೆ ಸಾಕು.

ಆಗಬೇಕಾದುದೇನು?

ಮೊದಲನೆಯದಾಗಿ, ಕ್ಯಾಂಟೀನು ಗುತ್ತಿಗೆಗಳಲ್ಲಿ ಕುರಿ ಮತ್ತು ಹಂದಿಮಾಂಸದ ಬೆಲೆಯನ್ನು ಸುಲಿದ ದೇಹದ ತೂಕ ಹಾಗೂ ಕೊಬ್ಬಿನ ಪ್ರಮಾಣದ ಆಧಾರದಿಂದ ನಿಗದಿಪಡಿಸುವ ಷರತ್ತು ಸೇರಲಿ. ಸಾಕಣೆದಾರನಿಗೆ ಸಲ್ಲುವ ಹಣವೂ ಅದೇ ಲೆಕ್ಕದಿಂದ ಸಲ್ಲಲಿ. ಎರಡನೆಯದಾಗಿ, ಕೋಳಿ ಪೂರೈಸುವ ಕಂಪನಿಗಳು ಭಾರತೀಯ ಮಾನಕ ಐಎಸ್ 1374ರಂತೆ ಆಹಾರದ ಸಂಯೋಜನೆಯನ್ನೂ ಬೂಷ್ಟಿನ ವಿಷದ ಪರೀಕ್ಷೆಯ ಫಲಿತಾಂಶವನ್ನೂ ಒದಗಿಸಲಿ. ಮೂರನೆಯದಾಗಿ, ಒಂದೊಂದು ಕೈಗಾರಿಕಾ ವಲಯದ ಸಂಸ್ಥೆಗಳು ಒಟ್ಟುಗೂಡಿ ಮುಸುರೆಯನ್ನು ಬೇಯಿಸಿ ಸಂಸ್ಕರಿಸುವ ಸಾಮಾನ್ಯ ಘಟಕವನ್ನು ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸ್ಥಾಪಿಸಲಿ.

ಇದಕ್ಕೆ ಬೇಕಾದ ಜ್ಞಾನಕ್ಕಾಗಿ ದೂರ ಹೋಗಬೇಕಾಗಿಲ್ಲ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಪಶು ಪೋಷಣೆಗೆಂದೇ 1995ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಆಡುಗೋಡಿಯಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಗೆ ಸಾಗುವ ಹೊಸೂರು ರಸ್ತೆಯಲ್ಲಿಯೇ ಇದೆ. ಪ್ರತಿನಿತ್ಯ ಅದರ ಮುಂದೆ ಹಾದುಹೋಗುವ ಉದ್ಯಮಿಗಳು ಒಮ್ಮೆ ಒಳಹೊಕ್ಕು ಸಲಹೆ ಕೇಳಿದರೆ, ಕ್ಯಾಂಟೀನಿನ ಖರೀದಿ ಪುಸ್ತಕದಲ್ಲಿ ಬೆಲೆಯ ಪಕ್ಕದ ಖಾಲಿ ಅಂಕಣವು ತುಂಬಲಾರಂಭಿಸುತ್ತದೆ. ಉಕ್ಕಿಗೆ ಕೇಳುವ ಪ್ರಮಾಣಪತ್ರವನ್ನು ಅನ್ನಕ್ಕೂ ಕೇಳುವುದು ದುಬಾರಿಯ ಬೇಡಿಕೆಯೇನಲ್ಲ.